ನೂರರ ಡಾಕ್ಟರು

ಹಲ್ಲಿನ ಡಾಕ್ಟರು ಪ್ರಾಕ್ಟೀಸು ಬಿಟ್ಟ ಮೇಲೆ ಅವರ ಕುರ್ಚಿಯನ್ನು ಏರಿದ್ದು ಒಂದೇ ಒಂದು ರೋಗಿ. ಅದೂ ಅವರದೇ ಬೈಕಿನ ಹಿಂದಿನ ಗೇರು ಪೆಟ್ಟಿಗೆ.

ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ ಆಗಿತ್ತು. ಕುರ್ಚಿಯನ್ನು ನೆಲಕ್ಕೆ ಬೋಲ್ಟ್ ಮಾಡಿದ್ದರಿಂದ ಅಲುಗಿಸುವಂತಿರಲಿಲ್ಲ. ಬೈಕನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸಿ, ಹಿಂದಿನ ಚಕ್ರ ತೆಗೆದು, ಚಕ್ರಕ್ಕೆ ಅಂಟಿಕೊಂಡಿದ್ದ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಬಿಚ್ಚಿ, ಕುರ್ಚಿಗೆ ಟವೆಲ್ ಹಾಸಿ ಮಲಗಿಸಿದ್ದರು. ತಲೆ ಇಡುವ ಜಾಗದಲ್ಲಿ ಪೆಟ್ಟಿಗೆ, ಅದರ ಮೇಲೆ ಬಾಗಿದ ದೊಡ್ಡ ದೀಪ. ಪಕ್ಕದ ತಟ್ಟೆಯಲ್ಲಿ ಸ್ಪ್ಯಾನರುಗಳ ಸಾಲು. ಸಾಲಿನ ಕೊನೆಯಲ್ಲಿ, ಅಭ್ಯಾಸಬಲದಿಂದ, ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿ.

"ಬಾಯಿ ಮುಕ್ಕಳಿಸೋಕೆ ನೀರು ತರಲಾ ನಿಮ್ಮ ಪೇಶಂಟಿಗೆ?" ಎಂದು ಅವರ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದರು. ಆಕೆ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜನರನ್ನು ಸುಮ್ಮನಿರಿಸುವುದರಲ್ಲಿ ಎತ್ತಿದ ಕೈ. ಮಾತಾಡಬೇಕಾದ್ದನ್ನೆಲ್ಲ ಮನೆಗೇ ಉಳಿಸಿಕೊಂಡು ಬರುತ್ತಿದ್ದರು.

ಅದು ಚೈನು ಇಲ್ಲದ ಹಳೆಯ ಬೈಕು. ಎಂಜಿನ್ನಿನ ಕಡೆಯಿಂದ ಹಿಂದಿನ ಚಕ್ರದವರೆಗೆ ಒಂದು ಉಕ್ಕಿನ ರಾಡು ಹೋಗುತ್ತದೆ. ರಾಡಿನ ತುದಿಯಲ್ಲಿರುವ ಚಿಕ್ಕ ಹಲ್ಲುಗಾಲಿ, ಪೆಟ್ಟಿಗೆಯೊಳಗಿನ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಅದು ಚಕ್ರವನ್ನು ತಿರುಗಿಸುತ್ತದೆ. ಈ ಎರಡು ಗಾಲಿಗಳು ಸವೆದು, ಬೇರಿಂಗು ಸಡಿಲಾಗಿ, ಬೈಕು ಕೆಲವು ವರ್ಷಗಳಿಂದ ಕುಂಯ್ ಎನ್ನುತ್ತಿತ್ತು.

ಈ ರಿಪೇರಿಯಿಂದ ಡಾಕ್ಟರಿಗೆ ಬೇಕಾಗಿದ್ದದ್ದು ಒಂದೇ. ಹೆಂಡತಿ ಮತ್ತೊಮ್ಮೆ ಬೈಕಿನ ಹಿಂದೆ ಕೂತು ಅಣೆಕಟ್ಟಿನವರೆಗೆ ಬರಬೇಕು. ಆಕೆ ಅದನ್ನು ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಆ ಶಬ್ದವೇ ಕಾರಣ ಎಂದು ಡಾಕ್ಟರು ತಮಗೆ ತಾವೇ ಹೇಳಿಕೊಂಡಿದ್ದರು. ಆಕೆ ಹೇಳುತ್ತಿದ್ದ ಕಾರಣ ಬೇರೆ: "ನೂರರಲ್ಲಿ ಓಡಿಸೋ ಮನುಷ್ಯನ ಹಿಂದೆ ನಾನು ಕೂರಲ್ಲ."

ಡಾಕ್ಟರು ಇದನ್ನು ಹೊಗಳಿಕೆ ಎಂದುಕೊಂಡಿದ್ದರು.

ಆ ನೂರರ ಕಥೆ ಮನೆಗೆ ಬಂದುಹೋದವರಿಗೆಲ್ಲ ಬಾಯಿಪಾಠ. ಮದುವೆಗೆ ಮುಂಚಿನದು. ಆಕೆಗೆ ಪಕ್ಕದ ಊರಿನಲ್ಲಿ ಗ್ರಂಥಾಲಯದ ಕೆಲಸಕ್ಕೆ ಸಂದರ್ಶನವಿತ್ತು. ಬಸ್ಸು ಕೆಟ್ಟು ನಿಂತಿತ್ತು. ಹಿಂದಿನ ವಾರವಷ್ಟೇ ಆಕೆಯ ಬುದ್ಧಿಹಲ್ಲು ಕಿತ್ತಿದ್ದ ಎಳೆಯ ಡಾಕ್ಟರು ಅದೇ ದಾರಿಯಲ್ಲಿ ಬಂದರು. ಬೈಕಿಗೆ ಆಗ ಪಕ್ಕಕ್ಕೆ ಜೋಡಿಸಿದ ಒಂಟಿ ಚಕ್ರದ ಸೈಡ್‌ಕಾರು ಇತ್ತು. ಬೈಕಿನ ಹಿಂದಿನ ಮಾಲೀಕ ಬೇಕರಿಯವನು, ಅದರಲ್ಲಿ ಬ್ರೆಡ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕುತ್ತಿದ್ದವನು. ಆಕೆಯನ್ನು ಬ್ರೆಡ್ಡಿನ ಜಾಗದಲ್ಲಿ ಕೂರಿಸಿಕೊಂಡು ಡಾಕ್ಟರು ಅಣೆಕಟ್ಟಿನ ನೇರ ರಸ್ತೆಗೆ ಬಿದ್ದರು. ಮೀಟರಿನ ಮುಳ್ಳು ಏರಿದಂತೆಲ್ಲ ಕೂಗಿ ಹೇಳಿದರು: ಎಂಬತ್ತು! ತೊಂಬತ್ತು! ನೂರು! ಆಕೆ ಸಮಯಕ್ಕೆ ಸರಿಯಾಗಿ ತಲುಪಿದರು. ಕೆಲಸ ಸಿಕ್ಕಿತು. ಮುಂದಿನ ವರ್ಷ ಡಾಕ್ಟರೂ ಸಿಕ್ಕಿದರು.

ಕಥೆಗೆ ಆಕೆ ತಮ್ಮ ಕಡೆಯಿಂದ ಸೇರಿಸುತ್ತಿದ್ದದ್ದು ಒಂದು ವಾಕ್ಯ ಮಾತ್ರ.

"ದಾರೀಲಿ ನಮ್ಮನ್ನ ಒಂದು ಬಸ್ಸು ಹಿಂದೆ ಹಾಕ್ತು."

"ಆ ಬಸ್ಸು ನೂರ ಹತ್ತರಲ್ಲಿತ್ತು ಕಣೆ."

"ಹೌದು ಹೌದು. ಮೇಲೆ ಕೋಳಿ ಬುಟ್ಟಿ ಕಟ್ಕೊಂಡು."

ಸೈಡ್‌ಕಾರು ಈಗ ಹಿತ್ತಲಿನಲ್ಲಿದೆ. ಆಕೆ ಅದರಲ್ಲಿ ಮಣ್ಣು ತುಂಬಿ ಗುಲಾಬಿ ಬೆಳೆಸಿದ್ದಾರೆ. ಅದನ್ನು ಕಳಚಿದ ಮೇಲೆ ಒಮ್ಮೆ ಮಾತ್ರ ಹಿಂದಿನ ಸೀಟಿನಲ್ಲಿ ಕೂತಿದ್ದರು. ಸಕ್ಕರೆ ಕಾರ್ಖಾನೆಯ ತಿರುವಿನಲ್ಲಿ ಡಾಕ್ಟರು ಕತ್ತು ತಿರುಗಿಸಿ, "ಬರೀ ಎಂಬತ್ತು!" ಎಂದರು. ತಿರುವು ದಾಟಿದ ಕೂಡಲೇ ಆಕೆ ಬೈಕು ನಿಲ್ಲಿಸಲು ಹೇಳಿ, ಇಳಿದು, ಬಸ್ಸಿನಲ್ಲಿ ಮನೆಗೆ ಬಂದರು. ಅಲ್ಲಿಗೆ ಮುಗಿಯಿತು.

ರಿಪೇರಿಗೆ ಜೊತೆಯಾಗಿದ್ದವಳು ಸೊಸೆ. ಮಗ ರೈಲಿನ ಗಾರ್ಡು, ಮನೆಯಲ್ಲಿರುವುದೇ ಅಪರೂಪ. ಇದ್ದರೂ ಎಣ್ಣೆ ಕಂಡರೆ ಮಾರು ದೂರ ನಿಲ್ಲುವವನು. ಸೊಸೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ, ಪೆಟ್ರೋಲ್ ಬಂಕಿನ ಪಂಪು, ಟ್ಯಾಕ್ಸಿಗಳ ಮೀಟರು, ಇವೆಲ್ಲ ಸರಿಯಿವೆಯೇ ಎಂದು ನೋಡಿ ಸೀಲು ಹಾಕುವುದು ಅವಳ ಕೆಲಸ. ಮಾವ ಅವಳನ್ನು ಇನ್ಸ್‌ಪೆಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಅವಳು ಬಂದ ಮೇಲೆ ಮನೆಗೆ ಬರುವ ಹಾಲಿನವನು ಅಳತೆಗಿಂತ ಒಂದು ಹನಿ ಹೆಚ್ಚೇ ಹಾಕುತ್ತಿದ್ದ.

ಆ ಶನಿವಾರ ಪೆಟ್ಟಿಗೆಯ ಮುಚ್ಚಳದಿಂದ ಹಳೆಯ ಬೇರಿಂಗು ಬರಲೊಲ್ಲದೆ ಹಟ ಹಿಡಿದಿತ್ತು. ಅಲ್ಯೂಮಿನಿಯಂ ಬಿಸಿಯಾದರೆ ಹಿಗ್ಗಿ, ಬೇರಿಂಗನ್ನು ತಾನಾಗಿ ಬಿಟ್ಟುಕೊಡುತ್ತದೆ. ಡಾಕ್ಟರು ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿಕೊಂಡು ಅಡುಗೆಮನೆಯ ಕಡೆಗೆ, ಏನೂ ಆಗದವರಂತೆ ನಡೆದರು.

"ಅದೇನು ಕೈಯಲ್ಲಿ?" ಎಂದರು ಹೆಂಡತಿ.

"ಮುಚ್ಚಳ."

"ಪಾತ್ರೆಯದಾ?"

"ಒಂಥರಾ ಪಾತ್ರೆಯದೇ."

ಆಕೆ ಟವೆಲನ್ನು ಎತ್ತಿ ಮೂಸಿದರು. "ಗೇರೆಣ್ಣೆ. ಇದನ್ನ ನನ್ನ ಓವನ್ನಲ್ಲಿಟ್ಟರೆ ನಾಳೆಯಿಂದ ಈ ಮನೇಲಿ ಕೇಕೂ ಕುಂಯ್ ಅನ್ನುತ್ತೆ. ನಡೀರಿ."

ಕೊನೆಗೆ ಕ್ಲಿನಿಕ್ಕಿನ ಸಲಕರಣೆಗಳನ್ನು ಕಾಯಿಸುತ್ತಿದ್ದ ಪುಟ್ಟ ಓವನ್ನೇ ಗತಿಯಾಯಿತು. ಮುಚ್ಚಳ ಅದರೊಳಗೆ ಓರೆಯಾಗಿ, ಬಾಗಿಲು ಅರ್ಧ ತೆರೆದುಕೊಂಡೇ, ಹೇಗೋ ಹಿಡಿಸಿತು. ಸಾಕಷ್ಟು ಕಾದ ಮೇಲೆ ಸೊಸೆ ದಪ್ಪ ಬಟ್ಟೆಯಲ್ಲಿ ಹಿಡಿದು ಹಲಗೆಗೆ ತಟ್ಟಿದಳು. ಮೂರನೆಯ ಏಟಿಗೆ ಬೇರಿಂಗು ಟಣ್ಣೆಂದು ಬಿತ್ತು.

"ನೋಡು, ನೋವೇ ಆಗಲಿಲ್ಲ" ಎಂದರು ಡಾಕ್ಟರು, ಯಾರಿಗೆ ಹೇಳಿದರೋ ತಿಳಿಯದು.

ಹೊಸ ಹಲ್ಲುಗಾಲಿಗಳ ಜೋಡಿ ಆಗಲೇ ಪಾರ್ಸೆಲಿನಲ್ಲಿ ಬಂದಿತ್ತು. ಆರ್ಡರು ಕೊಡುವಾಗ ಬಿಡಿಭಾಗದ ಅಂಗಡಿಯವನು, "ಪೆಟ್ಟಿಗೆ ಮೇಲೆ ಒಂದು ನಂಬರು ಕೊರೆದಿರುತ್ತೆ ಡಾಕ್ಟ್ರೇ, ಓದಿ ಹೇಳ್ತೀರಾ?" ಎಂದು ಕೇಳಿದ್ದ. "ನನ್ನ ಬೈಕು ನನಗೆ ಗೊತ್ತಿಲ್ಲವೇನಯ್ಯ" ಎಂದು ಡಾಕ್ಟರು ಬೈಕಿನ ಮಾಡಲ್ಲು ಮಾತ್ರ ಹೇಳಿ ಫೋನು ಇಟ್ಟಿದ್ದರು.

ಸೊಸೆ ಹಳೆಯದನ್ನೂ ಹೊಸದನ್ನೂ ಕುರ್ಚಿಯ ಮೇಲೆ ಅಕ್ಕಪಕ್ಕ ಇಟ್ಟಳು. ದೀಪ ತಗ್ಗಿಸಿದಳು. ಎಣಿಸಿದಳು.

"ಮಾವ, ಇವು ಬೇರೆ ಬೇರೆ. ಹಳೇ ಚಿಕ್ಕದರಲ್ಲಿ ಏಳು ಹಲ್ಲು, ದೊಡ್ಡದರಲ್ಲಿ ಇಪ್ಪತ್ತೊಂಬತ್ತು. ಹೊಸದರಲ್ಲಿ ಎಂಟು, ಇಪ್ಪತ್ತೈದು."

ಡಾಕ್ಟರು ಅಲ್ಲೇ ಫೋನು ಎತ್ತಿ ಅಂಗಡಿಯವನ ಮೇಲೆ ಹರಿಹಾಯ್ದರು. ತಪ್ಪು ಮಾಲು ಕಳಿಸಿದ್ದೀಯ, ವಾಪಸು ತಗೋ, ಇದೇನು ವ್ಯಾಪಾರ. ಅವನು ಎಲ್ಲ ಕೇಳಿಸಿಕೊಂಡ.

"ಡಾಕ್ಟ್ರೇ, ಆ ಕೊರೆದ ನಂಬರು ಈಗಲಾದ್ರೂ ಓದ್ತೀರಾ?"

ಸೊಸೆ ಹಲ್ಲಿನ ಪಾಚಿ ಕೆರೆಯುವ ಕೊಕ್ಕೆ ತೆಗೆದುಕೊಂಡು ಪೆಟ್ಟಿಗೆಯ ಮೇಲಿನ ಜಿಡ್ಡು ಕೆರೆದಳು. ಅಡಿಯಿಂದ ಏಳು, ಇಪ್ಪತ್ತೊಂಬತ್ತು ಎಂದು ಎದ್ದುಬಂತು.

"ಅದು ಸೈಡ್‌ಕಾರು ಎಳೆಯೋ ಬೈಕಿಗೆ ಹಾಕೋ ಜೋಡಿ. ಓಟ ಕಮ್ಮಿ, ಎಳೆತ ಜಾಸ್ತಿ. ನಿಮ್ಮದಕ್ಕೆ ಸೈಡ್‌ಕಾರು ಇದೆಯಾ?"

"ಅದನ್ನ ಕಳಚಿ ಯಾವ ಕಾಲವಾಯ್ತು."

"ಸೈಡ್‌ಕಾರು ಕಳಚಿದ್ದೀರಿ, ಹಲ್ಲು ಕಳಚಿಲ್ಲ. ಬೇಕಂದ್ರೆ ಅದೇ ಜೋಡಿನೂ ಇದೆ ನನ್ನ ಹತ್ರ. ಯೋಚಿಸಿ ಹೇಳಿ" ಎಂದು ಅವನು ನಕ್ಕು ಫೋನು ಇಟ್ಟ.

ಬೇಕರಿಯವನು ಬ್ರೆಡ್ಡಿನ ಭಾರಕ್ಕಾಗಿ ಹಲ್ಲುಗಾಲಿ ಬದಲಾಯಿಸಿದ್ದ. ಅಷ್ಟೇ ತಾನೇ, ಎಂದು ಡಾಕ್ಟರು ನಿರಾಳವಾಗಿ ಕೈ ಒರೆಸಿಕೊಂಡರು. ಸೊಸೆ ಮಾತ್ರ ಬೈಕಿನ ಬಳಿ ಕುಕ್ಕರಗಾಲಲ್ಲಿ ಕೂತು ಏನನ್ನೋ ದಿಟ್ಟಿಸುತ್ತಿದ್ದಳು.

"ಮಾವ, ಮೀಟರಿನ ಕೇಬಲ್ಲು ಎಲ್ಲಿಂದ ಹೊರಡುತ್ತೆ?"

"ಮುಂದಿನ ಗೇರ್‌ಬಾಕ್ಸಿಂದ, ರಾಡು ಹೊರಡೋ ಕಡೆಯಿಂದ."

"ಚಕ್ರದಿಂದ ಅಲ್ಲ."

"ಅಲ್ಲ. ಯಾಕೆ?"

ಅವಳು ಹಳೆಯ ದೊಡ್ಡ ಗಾಲಿಗೆ ಸೀಮೆಸುಣ್ಣದ ಗುರುತು ಹಾಕಿ, ಚಿಕ್ಕದನ್ನು ಅದಕ್ಕೆ ಕೂಡಿಸಿ ಕೈಯಲ್ಲಿ ತಿರುಗಿಸಿದಳು. ಗುರುತು ಒಂದು ಸುತ್ತು ಬರಲು ಚಿಕ್ಕದು ನಾಲ್ಕು ಸುತ್ತಿಗಿಂತ ಚೂರು ಹೆಚ್ಚು ತಿರುಗಬೇಕಾಯಿತು. ಹೊಸ ಜೋಡಿಯಲ್ಲಿ ಮೂರು ಸುತ್ತಿಗಿಂತ ಚೂರು ಹೆಚ್ಚು ಸಾಕಾಯಿತು.

"ಮೀಟರು ಎಣಿಸೋದು ರಾಡಿನ ಸುತ್ತನ್ನ. ರಾಡು ಮೂರು ಸುತ್ತಿದರೆ ಚಕ್ರ ಒಂದು ಸುತ್ತು ಅಂತ ಅದಕ್ಕೆ ಕಂಪನಿಯವರು ಹೇಳಿಕೊಟ್ಟಿದ್ದಾರೆ. ಆದರೆ ನಿಮ್ಮ ಬೈಕಲ್ಲಿ ನಾಲ್ಕು ಸುತ್ತಿದರೇನೇ ಚಕ್ರ ಒಂದು ಸುತ್ತು. ಬೇಕರಿಯವನು ಹಲ್ಲು ಬದಲಾಯಿಸಿದ, ಮೀಟರು ಬದಲಾಯಿಸಲಿಲ್ಲ."

"ಅಂದರೆ?"

"ಅಂದರೆ ಮೀಟರು ನಾಲ್ಕು ಅಂದಾಗ ನಿಜವಾಗಿ ಮೂರು."

"ಮೀಟರು ನೂರು ಅಂದಾಗ?" ಕೇಳಿದ ಮರುಕ್ಷಣವೇ ಕೇಳಬಾರದಿತ್ತು ಅನ್ನಿಸಿತು ಡಾಕ್ಟರಿಗೆ.

"ಎಪ್ಪತ್ತೈದು, ಮಾವ."

ಡಾಕ್ಟರು ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದರು.

"ಮೆಲ್ಲಗೆ ಮಾತಾಡು."

ಆಮೇಲೆ ಕುರ್ಚಿಯ ಮೇಲಿನ ರೋಗಿಯ ಕಡೆ ಕೈ ತೋರಿಸಿದರು.

"ಅಂಗಡಿಯವನ ಹತ್ರ ಹಳೇ ಜೋಡಿ ಇದೆಯಂತಲ್ಲ. ಅದನ್ನೇ ತರಿಸೋಣ. ಹಳೇ ಗಾಡಿ ನೋಡು, ಮೂಲದಲ್ಲಿ ಹೇಗಿತ್ತೋ ಹಾಗೇ ಇಡಬೇಕು."

"ಮೂಲದಲ್ಲಿ ಎಂಟು, ಇಪ್ಪತ್ತೈದೇ ಇತ್ತು."

"ನೀನು ನನ್ನ ಸೊಸೆಯೋ, ಇಲಾಖೆಯೋ?"

"ಎರಡೂ. ಕೆಜಿಗೆ ಮುಕ್ಕಾಲು ತೂಗೋ ಅಂಗಡಿಯವನ ತಕ್ಕಡಿ ಕಿತ್ಕೊಂಡು ಬರೋಳು ನಾನು. ಮನೇಲಿ ಅದೇ ಲೆಕ್ಕದ ಮೀಟರಿಗೆ ಸ್ಪ್ಯಾನರ್ ಹಿಡೀಲಾ? ನಾನು ಯಾರಿಗೂ ಹೇಳಲ್ಲ ಮಾವ. ಬೇಕಿದ್ರೆ ಹಳೇದನ್ನೇ ತರಿಸಿ, ನೀವೇ ಕೂಡಿಸಿ. ನನ್ನ ಕೈ ಮಾತ್ರ ಬರಲ್ಲ."

ಅವಳು ಕೈ ತೊಳೆಯಲು ಒಳಗೆ ಹೋದಳು. ಡಾಕ್ಟರು ರೋಗಿಗಳಿಗಾಗಿ ಇಟ್ಟಿದ್ದ ಬೆಂಚಿನ ಮೇಲೆ ಕೂತರು. ಅವರು ಎಚ್ಚರದ ಮನುಷ್ಯ. ಒಂದು ಹಲ್ಲು ಕೀಳುವ ಮುಂಚೆ ಎರಡು ಸಲ ಎಕ್ಸ್‌ರೇ ಫಿಲ್ಮು ನೋಡುತ್ತಿದ್ದವರು, ಮೋಡ ಕಂಡರೆ ಕೊಡೆ ಹಿಡಿಯುತ್ತಿದ್ದವರು. ಇಡೀ ಜನ್ಮದಲ್ಲಿ ಒಂದು ಬೆಳಿಗ್ಗೆ ಮಾತ್ರ, ಒಬ್ಬಳು ಹುಡುಗಿಗಾಗಿ, ಎಚ್ಚರ ತಪ್ಪಿ ಓಡಿಸಿದ್ದರು. ಅದರಲ್ಲೂ ಕಾಲು ಭಾಗ ಕಡಿತವೆಂದರೆ ಉಳಿಯುವುದೇನು? ಅಣೆಕಟ್ಟಿಗೆ ಬರುವುದಿರಲಿ, ಇನ್ನು ಆಕೆ ಬಂದವರ ಮುಂದೆಲ್ಲ ಎಪ್ಪತ್ತೈದು ಎಪ್ಪತ್ತೈದು ಎಂದು ನಗುತ್ತ ಕೂರುತ್ತಾರೆ. ಹಳೆಯ ಜೋಡಿ ತರಿಸಿದರೆ ಯಾರಿಗೂ ಏನೂ ಗೊತ್ತಾಗದು. ಫೋನು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಅವರು ಫೋನು ಎತ್ತಿದರು. ನಂಬರು ಒತ್ತುವಾಗ ಕಣ್ಣು ಮೀಟರಿನ ಕಡೆ ಹೋಯಿತು. ಗಾಜಿನ ಹಿಂದೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು, ಸುಳ್ಳು ಹೇಳಿದ ಸುಳಿವೇ ಇಲ್ಲದಂತೆ. ಆ ಸುಳ್ಳು ಇಂದಿನವರೆಗೆ ಬೇಕರಿಯವನದಾಗಿತ್ತು. ಈ ಫೋನು ಮಾಡಿದರೆ ತಮ್ಮದಾಗುತ್ತದೆ. ಡಾಕ್ಟರು ಫೋನು ಇಟ್ಟು ಹಿತ್ತಲಿಗೆ ನಡೆದರು.

ಹೆಂಡತಿ ಸೈಡ್‌ಕಾರಿನ ಗುಲಾಬಿಗೆ ನೀರು ಹಾಕುತ್ತಿದ್ದರು. ಗಂಡನ ಮುಖ ನೋಡಿ ಕೈ ತಡೆದರು.

"ಏನ್ರೀ, ಪೇಶಂಟು ಹೋಗಿಬಿಡ್ತಾ?"

"ಪೇಶಂಟು ಚೆನ್ನಾಗಿದೆ. ನೂರು ಹೋಯ್ತು."

"ಯಾವ ನೂರು?"

"ನಮ್ಮ ನೂರು."

ಡಾಕ್ಟರು ಬೇಕರಿಯವನಿಂದ ಶುರುಮಾಡಿ, ಬ್ರೆಡ್ಡಿನ ಭಾರ, ಹಲ್ಲಿನ ಲೆಕ್ಕ, ರಾಡಿನ ಸುತ್ತು, ಎಲ್ಲ ಹೇಳಿದರು. ದಾರಿಯಲ್ಲಿ ಸಿಕ್ಕಿದ ಅಡ್ಡದಾರಿಗಳನ್ನೆಲ್ಲ ಹಿಡಿದು ಕಡೆಗೆ ಬರಬೇಕಾದ ಜಾಗಕ್ಕೆ ಬಂದರು.

"ಅವತ್ತು ಹೋಗಿದ್ದು ಎಪ್ಪತ್ತೈದರಲ್ಲಿ."

"ಸರಿಯಾಗಿ ನೋಡಿದ್ದೀರಾ?"

"ಸೊಸೆ ನೋಡಿದ್ದಾಳೆ."

"ಹಾಗಾದ್ರೆ ಸರಿಯಾಗೇ ಇರುತ್ತೆ."

ಡಾಕ್ಟರು ನಗುವಿಗೆ ಕಾದರು. ನಗು ಬರಲಿಲ್ಲ. ಆಕೆ ನೀರಿನ ಡಬ್ಬವನ್ನು ಕೆಳಗಿಟ್ಟು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿದ್ದರು.

"ಸಕ್ಕರೆ ಕಾರ್ಖಾನೆ ತಿರುವಲ್ಲಿ ಎಷ್ಟು?"

"ಅರವತ್ತು."

"ಅರವತ್ತು!" ಆಕೆಯ ದನಿ ಏರಿತು. "ಅರವತ್ತಕ್ಕೆ ನಾನು ಇಳಿದು ಬಸ್ಸು ಹತ್ತಿದ್ನಾ? ಆ ಬಸ್ಸೂ ಅರವತ್ತರಲ್ಲೇ ಬಂತು ರೀ. ನಾನು ಕಿಟಕಿಗೆ ಒರಗಿ ನಿದ್ದೆ ಹೊಡೆದೆ!"

"ಮೀಟರು ಎಂಬತ್ತು ಅಂತಿತ್ತು ಕಣೆ..."

"ಮೀಟರು ಸುಮ್ಮನಿತ್ತು. ಅಂದದ್ದು ನೀವು. ನಾನು ಹೆದರಿದ್ದು ಯಾವತ್ತೂ ಓಟಕ್ಕಲ್ಲ, ನಿಮ್ಮ ಬಾಯಿಗೆ. ಇದರಲ್ಲಿ ಕೂತು ಹೊರಟಾಗ ಎಷ್ಟು ಚೆನ್ನಾಗಿತ್ತು ಗೊತ್ತಾ? ಗಾಳಿ, ಆ ಕಡೆ ನೀರು. ನೀವು ಎಂಬತ್ತು ಅಂತ ಕೂಗಿದ ಕೂಡಲೇ ಕಣ್ಣು ಮುಚ್ಚಿದೆ. ಬಸ್ಸಿನವನು ಹಾರ್ನು ಹೊಡೆದಾಗ ಒಂದ್ಸಲ ಬಿಟ್ಟೆ, ಕೋಳಿ ಕಂಡವು, ಮತ್ತೆ ಮುಚ್ಚಿದೆ. ಅಣೆಕಟ್ಟನ್ನ ನಾನು ನೋಡಲೇ ಇಲ್ಲ."

ಆಕೆ ಸೈಡ್‌ಕಾರಿನ ಅಂಚಿಗೆ ಅಂಟಿದ್ದ ಮಣ್ಣನ್ನು ಬೆರಳಿನಿಂದ ಸವರಿದರು.

"ಇಷ್ಟು ವರ್ಷ ಬರಬಹುದಿತ್ತು" ಎಂದರು.

ಆಮೇಲೆ ಬೆರಳು ಒರೆಸಿಕೊಂಡು ಗಂಡನ ಕಡೆ ತಿರುಗಿದರು.

"ಊರವರ ಹಲ್ಲೆಲ್ಲ ಎಣಿಸಿದವರು, ನಿಮ್ಮ ಬೈಕಿಂದು ಒಂದ್ಸಲ ಎಣಿಸೋಕೆ ಏನಾಗಿತ್ತು?"

"ಅದು ಬಾಯಿ ತೆರೀಲಿಲ್ಲ."

"ನಿಮ್ಮದೇ ತೆರೆದಿತ್ತಲ್ಲ, ಅದಕ್ಕೆ. ಎಷ್ಟು ಹೊತ್ತು ಬೇಕು ಅದನ್ನ ಕೂಡಿಸೋಕೆ?"

"ಯಾಕೆ?"

"ಎಪ್ಪತ್ತೈದರ ಮನುಷ್ಯನ ಹಿಂದೆ ಕೂರೋಕೆ ನನಗೇನೂ ತೊಂದರೆ ಇಲ್ಲ."

ಬೇಕಾದದ್ದು ಕೈಗೆ ಸಿಕ್ಕಿತ್ತು. ಆದರೂ ಆ ಎಪ್ಪತ್ತೈದು ಎಂಬ ಮಾತು ಡಾಕ್ಟರಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಸ್ವಲ್ಪ ಹೊತ್ತು ಕಾಡುತ್ತಲೇ ಇತ್ತು.

ಹೊಸ ಬೇರಿಂಗು ಕೂರಿಸಲು ಮುಚ್ಚಳವನ್ನು ಮತ್ತೆ ಕಾಯಿಸಬೇಕಿತ್ತು. ಡಾಕ್ಟರು ಪುಟ್ಟ ಓವನ್ನಿನ ಬಾಗಿಲ ಜೊತೆ ಗುದ್ದಾಡುತ್ತಿರುವಾಗ ಅಡುಗೆಮನೆಯಿಂದ ಕೂಗು ಬಂತು.

"ಆ ಒಂಥರಾ ಪಾತ್ರೆ ತನ್ನಿ ಇಲ್ಲಿ. ಸೋಪು ಹಾಕಿ ತೊಳೆದು ತನ್ನಿ. ಓವನ್ ಬಿಸಿ ಇಟ್ಟಿದ್ದೀನಿ."

ಸೊಸೆ ಮಾವನ ಮುಖ ನೋಡಿದಳು. ಮಾವ ಸೋಪು ಹುಡುಕಲು ಹೋದರು.

ಎಂಟು, ಇಪ್ಪತ್ತೈದರ ಜೋಡಿ ಪೆಟ್ಟಿಗೆಯೊಳಗೆ ಕೂತಿತು. ಎರಡು ಗಾಲಿಗಳ ಹಲ್ಲು ಒಂದನ್ನೊಂದು ಎಲ್ಲಿ ಮುಟ್ಟುತ್ತವೆ ಎಂಬುದು ಮುಖ್ಯ. ತುದಿಯಲ್ಲೋ ಬುಡದಲ್ಲೋ ಮುಟ್ಟಿದರೆ ಮತ್ತೆ ಅದೇ ಕುಂಯ್. ಮೆಕ್ಯಾನಿಕ್ಕುಗಳು ಇದಕ್ಕೆ ನೀಲಿ ಬಣ್ಣ ಬಳಿಯುತ್ತಾರೆ. ಡಾಕ್ಟರು ಡ್ರಾಯರಿನಿಂದ, ಹಲ್ಲಿಗೆ ಸಿಮೆಂಟು ತುಂಬಿದ ಮೇಲೆ ರೋಗಿಯಿಂದ ಕಚ್ಚಿಸಿ ನೋಡುತ್ತಿದ್ದ ತೆಳು ನೀಲಿ ಕಾಗದ ತೆಗೆದರು. ಗಾಲಿಗಳ ನಡುವೆ ಅದನ್ನಿಟ್ಟು ಮೆಲ್ಲಗೆ ತಿರುಗಿಸಿದರು. ಗುರುತು ಹಲ್ಲಿನ ಬುಡಕ್ಕೆ ಬಿತ್ತು. ಗಾಲಿಯ ಅಂತರ ಹೊಂದಿಸಲು ಅದರ ಹಿಂದೆ ಹಾಕಿದ್ದ ತೆಳುವಾದೊಂದು ಉಕ್ಕಿನ ಬಳೆ ತೆಗೆದು, ಇನ್ನೂ ತೆಳುವಾದದ್ದನ್ನು ಹಾಕಿದರು. ಮತ್ತೆ ಕಚ್ಚಿಸಿದರು. ಈ ಸಲ ನೀಲಿ ಚುಕ್ಕೆ ಹಲ್ಲಿನ ನಟ್ಟನಡುವೆ, ಅಕ್ಕಿಕಾಳಿನಷ್ಟು. ಸೊಸೆ ಅಳತೆಯ ಗೇಜು ಹಿಡಿದು ನೋಡಿದಳು.

"ಪಾಸು, ಮಾವ" ಎಂದಳು. ಇಲಾಖೆಯಲ್ಲಿ ಅವಳು ಈ ಮಾತನ್ನು ಸುಲಭವಾಗಿ ಹೇಳುವವಳಲ್ಲ.

ಭಾನುವಾರ ಬೆಳಿಗ್ಗೆ ಮೊದಲು ಸೊಸೆ ಒಬ್ಬಳೇ ಬೈಕು ತೆಗೆದುಕೊಂಡು ಹೋಗಿ, ಕಿಲೋಮೀಟರು ಕಲ್ಲುಗಳಿಗೆ ಮೀಟರನ್ನು ಹೋಲಿಸಿ ಬಂದಳು. ಸರಿಯಿತ್ತು. ಆಮೇಲೆ ಡಾಕ್ಟರು ಹತ್ತಿದರು, ಹಿಂದೆ ಅವರ ಹೆಂಡತಿ. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟಿನ ಪಟ್ಟಿಯನ್ನು ಸೊಸೆಯಿಂದ ಎರಡು ಸಲ ಪರೀಕ್ಷೆ ಮಾಡಿಸಿಕೊಂಡರು. ಬೈಕು ಕುಂಯ್ ಎನ್ನದೆ ಬೀದಿ ದಾಟಿತು.

ಸಕ್ಕರೆ ಕಾರ್ಖಾನೆಯ ತಿರುವು ಕಳೆದು ನೇರ ರಸ್ತೆ ಬಂತು. ಡಾಕ್ಟರು ಎಂದಿನ ತಮ್ಮ ಓಟದಲ್ಲಿ ಸಾಗಿದರು. ಮೀಟರು ನೋಡಿದರೆ ನಲವತ್ತೈದು. ಅವರು ಕಣ್ಣನ್ನು ಮೆಲ್ಲಗೆ ರಸ್ತೆಯ ಕಡೆಗೆ ತಂದರು.

"ಎಷ್ಟು?" ಎಂದು ಹಿಂದಿನಿಂದ ಪ್ರಶ್ನೆ ಬಂತು.

"ನಾನು ಇನ್ನು ಹೇಳಲ್ಲ ಅಂತ ಒಪ್ಪಂದ ಆಗಿದೆಯಲ್ಲ."

ಆಕೆ ಅವರ ಭುಜದ ಮೇಲಿಂದ ಬಗ್ಗಿ ತಾವೇ ನೋಡಿದರು. "ನಲವತ್ತೈದಾ? ಡಾಕ್ಟ್ರೇ, ಇದಕ್ಕಾ ಇಷ್ಟು ರಿಪೇರಿ? ಹಿಂದೆ ಬಸ್ಸು ಬರ್ತಾ ಇದೆ ನೋಡಿ."

ಕನ್ನಡಿಯಲ್ಲಿ ಬಸ್ಸು ದೊಡ್ಡದಾಗುತ್ತಿತ್ತು. ಹಾರ್ನು ಹೊಡೆಯಿತು. ಡಾಕ್ಟರು ಎಡಕ್ಕೆ ಸರಿಯಲು ಹೊರಟರು.

"ದಾರಿ ಕೊಡಬೇಡಿ! ಒಂದ್ಸಲ ಕೊಟ್ಟಿದ್ದು ಸಾಲದಾ?"

ಡಾಕ್ಟರು ಬಲಗೈ ತಿರುವಿದರು. ಎಂಜಿನ್ನು ಒಂದು ಗಳಿಗೆ ಯೋಚಿಸಿ, ಮುಂದಕ್ಕೆ ಜಿಗಿಯಿತು.

"ಐವತ್ತೈದು!" ಎಂದು ಆಕೆ ಕೂಗಿದರು. ಓದುಗರ ಪಿಸುಮಾತನ್ನೂ ಸಹಿಸದ ಗ್ರಂಥಾಲಯದ ಆ ಬಾಯಿಯಿಂದ ಅಂಥ ದನಿ ಬಂದೀತೆಂದು ಡಾಕ್ಟರು ಎಣಿಸಿರಲಿಲ್ಲ. "ಅರವತ್ತೈದು! ರೀ, ಬಲಗಡೆ ನೋಡಿ, ಅಣೆಕಟ್ಟು! ಎಷ್ಟು ನೀರಿದೆ! ಎಪ್ಪತ್ತು! ಎಪ್ಪತ್ತೈದು!"

ಬಸ್ಸು ಕನ್ನಡಿಯಲ್ಲಿ ಚಿಕ್ಕದಾಯಿತು.

"ಕಿವಿ ಹತ್ರ ಹಾಗೆ ಕೂಗಬೇಡ ಕಣೆ" ಎಂದರು ಡಾಕ್ಟರು, ಹ್ಯಾಂಡಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು. "ಹೆದರಿಕೆ ಆಗುತ್ತೆ."